ಅಂಕಿ ತಪ್ಪಿದ ಮಧ್ಯಾಹ್ನ

2008ರ ಅಕ್ಟೋಬರ್ 7ರ ಬೆಳಿಗ್ಗೆ ಸಿಂಗಪುರ ಬಿಟ್ಟ ಕ್ವಾಂಟಾಸ್ 72 ಮಧ್ಯಾಹ್ನದ ಹೊತ್ತಿಗೆ ಆಸ್ಟ್ರೇಲಿಯಾದ ಪಶ್ಚಿಮ ಕರಾವಳಿಯ ಹತ್ತಿರ ಬಂದಿತ್ತು. ಏರ್‌ಬಸ್ ಎ330 ವಿಮಾನ, 37,000 ಅಡಿ ಎತ್ತರ, 303 ಪ್ರಯಾಣಿಕರು, 12 ಮಂದಿ ಸಿಬ್ಬಂದಿ. ಇಳಿಯಬೇಕಾದ ಊರು ಪರ್ತ್. ಹವೆ ಚೆನ್ನಾಗಿತ್ತು, ಸೀಟ್ ಬೆಲ್ಟ್ ದೀಪ ಆರಿತ್ತು. ಕೆಲವರು ಎದ್ದು ಓಡಾಡುತ್ತಿದ್ದರು. ಕೂತವರಲ್ಲೂ 60ಕ್ಕೂ ಹೆಚ್ಚು ಮಂದಿ ಬೆಲ್ಟ್ ಬಿಚ್ಚಿಕೊಂಡಿದ್ದರು. ದೂರದ ಪ್ರಯಾಣದಲ್ಲಿ ನಾವೆಲ್ಲ ಮಾಡುವ ಹಾಗೆಯೇ.

12 ಗಂಟೆ 40 ನಿಮಿಷಕ್ಕೆ ಆಟೋಪೈಲಟ್ ತಾನಾಗಿಯೇ ಕೈಬಿಟ್ಟಿತು. ಕಾಕ್‌ಪಿಟ್‌ನಲ್ಲಿ ಎಚ್ಚರಿಕೆಯ ಮೇಲೆ ಎಚ್ಚರಿಕೆ. ಒಂದು ಎಚ್ಚರಿಕೆ ಗಂಟೆ ವೇಗ ಸಾಲದು, ರೆಕ್ಕೆ ಗಾಳಿಯ ಹಿಡಿತ ಕಳೆದುಕೊಳ್ಳುತ್ತಿದೆ ಎಂದು ಹೊಡೆದುಕೊಳ್ಳುತ್ತಿತ್ತು. ಇನ್ನೊಂದು ವೇಗ ಮಿತಿ ಮೀರಿದೆ ಎಂದು ಹೊಡೆದುಕೊಳ್ಳುತ್ತಿತ್ತು. ಎರಡೂ ಒಟ್ಟಿಗೆ ನಿಜವಾಗಲು ಸಾಧ್ಯವೇ ಇಲ್ಲ. ಕ್ಯಾಪ್ಟನ್ ಕೆವಿನ್ ಸುಲಿವನ್ ಅಮೆರಿಕದ ನೌಕಾಪಡೆಯಲ್ಲಿ ಯುದ್ಧವಿಮಾನ ಹಾರಿಸಿ ಬಂದವರು. ಯಂತ್ರ ಸುಳ್ಳು ಹೇಳುತ್ತಿದೆ ಎಂಬುದು ಅವರಿಗೆ ಗೊತ್ತಾಯಿತು, ಯಾವ ಯಂತ್ರ ಎಂಬುದು ಗೊತ್ತಾಗಲಿಲ್ಲ. ವಿಶ್ರಾಂತಿಗೆ ಹೋಗಿದ್ದ ಫಸ್ಟ್ ಆಫೀಸರ್‌ಗೆ ಹೇಳಿಕಳಿಸುವ ಹೊತ್ತಿಗೆ, 12:42ಕ್ಕೆ, ವಿಮಾನ ಇದ್ದಕ್ಕಿದ್ದಂತೆ ಮೂತಿ ತಗ್ಗಿಸಿ ಕೆಳಗೆ ಧುಮುಕಿತು.

ಸುಲಿವನ್ ಸ್ಟಿಕ್ಕನ್ನು ಹಿಂದಕ್ಕೆ ಎಳೆದರು. ಮೊದಲ ಕ್ಷಣಗಳಲ್ಲಿ ವಿಮಾನ ಅದಕ್ಕೆ ಓಗೊಡಲಿಲ್ಲ. ಮೂತಿ 8.4 ಡಿಗ್ರಿ ಕೆಳಗಾಯಿತು, ವಿಮಾನ 650 ಅಡಿ ಇಳಿಯಿತು. ಸಂಖ್ಯೆಯಾಗಿ ಓದಿದರೆ ಇದು ದೊಡ್ಡದೆನಿಸುವುದಿಲ್ಲ. ಆದರೆ ಆ ಕ್ಷಣದಲ್ಲಿ ಕ್ಯಾಬಿನ್ನಿನೊಳಗೆ ಭೂಮಿಯ ಸೆಳೆತ ತಲೆಕೆಳಗಾಗಿತ್ತು. ಬೆಲ್ಟ್ ಇಲ್ಲದವರು ಎದ್ದು ಹಾರಿ ಚಾವಣಿಗೆ ಬಡಿದರು, ತಲೆಯ ಮೇಲಿನ ಹಲಗೆಗಳು ಮುರಿದವು, ಮರುಕ್ಷಣ ಅಷ್ಟೇ ಬಿರುಸಾಗಿ ಎಲ್ಲರೂ ನೆಲಕ್ಕೆ ಬಿದ್ದರು. ಮೂರು ನಿಮಿಷವೂ ಕಳೆದಿರಲಿಲ್ಲ, ವಿಮಾನ ಮತ್ತೊಮ್ಮೆ ಮೂತಿ ತಗ್ಗಿಸಿ 400 ಅಡಿ ಇಳಿಯಿತು.

ಗಾಯಗೊಂಡವರ ವಿಷಯ ಕಾಕ್‌ಪಿಟ್‌ಗೆ ತಿಳಿದ ಮೇಲೆ ಸುಲಿವನ್ ಮೇಡೇ ಕರೆ ಕೊಟ್ಟು, ಹತ್ತಿರದ ಲಿಯರ್ಮಂತ್ ಎಂಬ ಪುಟ್ಟ ವಿಮಾನ ನಿಲ್ದಾಣದತ್ತ ತಿರುಗಿದರು. ನೆಲ ಹತ್ತಿರವಾದಾಗ ಮೂರನೇ ಸಲ ಹಾಗಾದರೆ ಉಳಿಗಾಲವಿಲ್ಲ ಎಂದು ಅವರಿಗೆ ಗೊತ್ತಿತ್ತು. ಹಾಗಾಗಲಿಲ್ಲ. 1 ಗಂಟೆ 32 ನಿಮಿಷಕ್ಕೆ ಚಕ್ರಗಳು ನೆಲ ಮುಟ್ಟಿದವು. ಗಾಯಾಳುಗಳು 119 ಮಂದಿ, ಅವರಲ್ಲಿ 12 ಜನರ ಸ್ಥಿತಿ ಗಂಭೀರ. ಯಾರೂ ಸಾಯಲಿಲ್ಲ.

ಆ ಲಿಯರ್ಮಂತ್ ಬಗ್ಗೆ ಒಂದು ಮಾತು ಇಲ್ಲೇ ಹೇಳಿಬಿಡಬೇಕು. ವಿಮಾನ ನಿಲ್ದಾಣದ ನೆರೆಯಲ್ಲೇ ಒಂದು ಸೌರ ವೀಕ್ಷಣಾಲಯವಿದೆ. ಸೂರ್ಯನ ಕಲೆಗಳನ್ನು, ಜ್ವಾಲೆಗಳನ್ನು, ಅಲ್ಲಿಂದ ಬರುವ ರೇಡಿಯೊ ಅಬ್ಬರವನ್ನು ಪ್ರತಿದಿನ ದಾಖಲಿಸುವುದು ಅದರ ಕೆಲಸ. ಗಾಯಾಳುಗಳನ್ನು ಇಳಿಸಿಕೊಂಡು ವಿಮಾನ ನಿಂತಿದ್ದ ಆ ನೆಲದಲ್ಲೇ, ಬಾಹ್ಯಾಕಾಶದ ಹವಾಮಾನವನ್ನು ಕಾಯುವ ಕಣ್ಣೊಂದಿತ್ತು. ಆ ದಿನ ಆ ಕಣ್ಣಿಗೆ ವಿಶೇಷವೇನೂ ಕಾಣುವಂತಿರಲಿಲ್ಲ. 2008 ಸೂರ್ಯ ಮಲಗಿದ್ದ ವರ್ಷ. 266 ದಿನ ಅವನ ಮುಖದ ಮೇಲೆ ಒಂದು ಕಲೆಯೂ ಇರಲಿಲ್ಲ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಮೇಲಕ್ಕೆ ಹೋದಷ್ಟೂ ಆಕಾಶದಿಂದ ಏನೋ ಬರುತ್ತಿದೆ ಎಂಬ ಅರಿವು ವಿಮಾನಗಳಷ್ಟೇ ಹಳೆಯದು. 1912ರ ಆಗಸ್ಟ್ 7ರಂದು ಆಸ್ಟ್ರಿಯಾದ ವಿಜ್ಞಾನಿ ವಿಕ್ಟರ್ ಹೆಸ್ ಬಲೂನಿನಲ್ಲಿ ಕೂತು 5,300 ಮೀಟರ್ ಏರಿದರು. ನೆಲದಿಂದ ದೂರವಾದಂತೆ ವಿಕಿರಣ ಕಡಿಮೆಯಾಗಬೇಕೆಂದು ಆಗಿನ ನಂಬಿಕೆ. ಅವರ ಉಪಕರಣ ತದ್ವಿರುದ್ಧ ಹೇಳಿತು: ಒಂದು ಎತ್ತರ ದಾಟಿದ ಮೇಲೆ ವಿಕಿರಣ ಏರುತ್ತಲೇ ಹೋಯಿತು. ನಾವು ವಿಶ್ವಕಿರಣ ಎನ್ನುವುದು ಇದನ್ನೇ. ಸ್ಫೋಟಗೊಂಡ ನಕ್ಷತ್ರಗಳಂಥ ದೂರದ ಮೂಲಗಳಿಂದ ಹೊರಟ ಪ್ರೋಟಾನುಗಳು ಬೆಳಕಿನ ವೇಗದ ಹತ್ತಿರ ಹತ್ತಿರದಲ್ಲಿ ಬಂದು ಗಾಳಿಯ ಅಣುಗಳಿಗೆ ಅಪ್ಪಳಿಸುತ್ತವೆ. ಒಂದು ಒಡೆದು ಹತ್ತಾಗಿ, ಹತ್ತು ನೂರಾಗಿ ಕಣಗಳ ತುಂತುರು ಕೆಳಗಿಳಿಯುತ್ತದೆ. ಈ ತುಂತುರು ಅತಿ ದಟ್ಟವಾಗಿರುವುದು 60,000 ಅಡಿಯ ಆಸುಪಾಸಿನಲ್ಲಿ. ಪ್ರಯಾಣಿಕ ವಿಮಾನಗಳು ಹಾರುವ ಎತ್ತರದಲ್ಲೂ ಈ ತುಂತುರಿನಲ್ಲಿ ಹುಟ್ಟಿದ ನ್ಯೂಟ್ರಾನುಗಳು ನೆಲಕ್ಕಿಂತ ನೂರಾರು ಪಟ್ಟು ಹೆಚ್ಚು ಓಡಾಡುತ್ತಿರುತ್ತವೆ.

ಈ ಕತೆಯಲ್ಲಿ ಬೆಂಗಳೂರಿಗೂ ಒಂದು ಜಾಗವಿದೆ, ಅದನ್ನು ನಮ್ಮಲ್ಲಿ ಸಾಕಷ್ಟು ಹೇಳಿಕೊಂಡಿಲ್ಲ. ಭೂಮಿಯ ಕಾಂತಕ್ಷೇತ್ರ ಈ ಕಣಗಳಿಗೆ ಬೇಲಿ ಇದ್ದ ಹಾಗೆ. ಧ್ರುವಗಳ ಬಳಿ ಬೇಲಿ ತಗ್ಗು, ಕಾಂತೀಯ ಸಮಭಾಜಕದ ಬಳಿ ಅತಿ ಎತ್ತರ. ದಕ್ಷಿಣ ಭಾರತ ಆ ಎತ್ತರದ ಬೇಲಿಯ ಹಿಂದಿದೆ. ಹಾಗಾಗಿ ಬೇಲಿ ಹಾರಿಬರುವ ಅತಿ ಬಲಶಾಲಿ ಕಣಗಳನ್ನಷ್ಟೇ ಬಿಡಿಯಾಗಿ ಅಳೆಯಬೇಕೆಂದರೆ ಇಲ್ಲಿಗೇ ಬರಬೇಕು. ನೊಬೆಲ್ ಪುರಸ್ಕೃತ ರಾಬರ್ಟ್ ಮಿಲಿಕನ್ 1939–40ರ ಚಳಿಗಾಲದಲ್ಲಿ ಭಾರತಕ್ಕೆ ಬಂದು ಬಲೂನು ಹಾರಿಸಿದ ಊರುಗಳಲ್ಲಿ ಬೆಂಗಳೂರೂ ಒಂದು. ಅದೇ ಹೊತ್ತಿಗೆ ಯುದ್ಧದ ಕಾರಣ ಕೇಂಬ್ರಿಡ್ಜ್‌ಗೆ ಮರಳಲಾಗದೆ ಇಲ್ಲೇ ಉಳಿದ ಹೋಮಿ ಭಾಭಾ, ಸಿ.ವಿ. ರಾಮನ್ ಅವರಿದ್ದ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿಶ್ವಕಿರಣ ಸಂಶೋಧನೆ ಆರಂಭಿಸಿದರು. ಕೆಲವು ವರ್ಷ ಕಳೆದವು, ಎರಡನೇ ಮಹಾಯುದ್ಧ ಕೊನೆಯ ಹಂತಕ್ಕೆ ಬಂತು. ಬೆಂಗಳೂರಿನ ವಿಮಾನ ಕಾರ್ಖಾನೆ ಎಚ್‌ಎಎಲ್‌ನಲ್ಲಿ ಆಗ ಅಮೆರಿಕದ ವಾಯುಪಡೆಯ ವಿಮಾನಗಳ ದುರಸ್ತಿ ನಡೆಯುತ್ತಿತ್ತು. ಭಾಭಾ, ಚಂದ್ರಶೇಖರ ಅಯ್ಯ ಮತ್ತು ಸಂಗಡಿಗರು ಆ ವಾಯುಪಡೆಯ ವಿಮಾನದಲ್ಲಿ ತಮ್ಮ ಉಪಕರಣವಿಟ್ಟು 30,000 ಅಡಿಗೆ ಕಳಿಸಿ ಕಣಗಳನ್ನು ಎಣಿಸಿದರು. ಫಲಿತಾಂಶ 1945ರಲ್ಲಿ ಅಚ್ಚಾಯಿತು. ಅಕ್ಷಾಂಶಕ್ಕೆ ತಕ್ಕಂತೆ ಈ ಕಣಗಳು ಹೇಗೆ ಏರಿಳಿಯುತ್ತವೆ ಎಂಬುದು ಅವರ ಪ್ರಶ್ನೆ. ವಿಮಾನಕ್ಕೆ ಇದರಿಂದ ಏನಾದೀತು ಎಂದು ಆಗ ಯಾರೂ ಕೇಳಲಿಲ್ಲ. ಕೇಳುವ ಅಗತ್ಯವೂ ಇರಲಿಲ್ಲ, ಏಕೆಂದರೆ ಆಗಿನ ವಿಮಾನ ತಂತಿ, ರಾಟೆ, ಸನ್ನೆಗಳ ಯಂತ್ರ. ನ್ಯೂಟ್ರಾನು ಬಡಿದರೆ ಉಕ್ಕಿನ ತಂತಿಗೆ ಏನೂ ಆಗುವುದಿಲ್ಲ.

ಚಿಪ್‌ಗೆ ಆಗುತ್ತದೆ. ಅದು ಗೊತ್ತಾದ ಬಗೆ ಸ್ವಾರಸ್ಯಕರ. 1970ರ ದಶಕದ ಕೊನೆಯಲ್ಲಿ ಇಂಟೆಲ್ ಕಂಪನಿಯ ಮೆಮೊರಿ ಚಿಪ್‌ಗಳು ಕಾರಣವಿಲ್ಲದೆ ತಪ್ಪತೊಡಗಿದವು. ಚಿಪ್ ಹಾಳಾಗಿರಲಿಲ್ಲ, ಒಳಗಿನ ಒಂದು ಅಂಕಿ, ಅಂದರೆ ಒಂದು ಬಿಟ್, ಮಾತ್ರ ಸೊನ್ನೆ ಇದ್ದದ್ದು ಒಂದಾಗಿರುತ್ತಿತ್ತು. ಚಿಪ್‌ನ ಪಿಂಗಾಣಿ ಕವಚದಲ್ಲೇ ಚಿಟಿಕೆಯಷ್ಟು ವಿಕಿರಣ ವಸ್ತು ಸೇರಿಕೊಂಡಿದೆ ಎಂದು ತಿಮತಿ ಮೇ ಮತ್ತು ಮರ್ರೆ ವುಡ್ಸ್ 1978ರಲ್ಲಿ ಪತ್ತೆ ಮಾಡಿದರು. ಮರುವರ್ಷವೇ ಐಬಿಎಂನ ಜೇಮ್ಸ್ ಝೀಗ್ಲರ್, ವಿಲಿಯಂ ಲ್ಯಾನ್‌ಫರ್ಡ್ ಜೊತೆಗೂಡಿ, ಕವಚವನ್ನು ಎಷ್ಟೇ ಶುದ್ಧ ಮಾಡಿದರೂ ಆಕಾಶದಿಂದ ಬರುವ ಕಣಗಳು ಇದೇ ಕೆಲಸ ಮಾಡುತ್ತವೆ ಎಂದು ಲೆಕ್ಕ ಹಾಕಿ ತೋರಿಸಿದರು. ನ್ಯೂಟ್ರಾನು ಸಿಲಿಕಾನ್ ಪರಮಾಣುವಿನ ಗರ್ಭಕ್ಕೆ ಬಡಿಯುತ್ತದೆ. ಸಿಡಿದ ಚೂರು ಹಾದುಹೋದ ದಾರಿಯಲ್ಲಿ ಒಂದಿಷ್ಟು ವಿದ್ಯುದಂಶ ಚೆಲ್ಲುತ್ತದೆ. ಅಷ್ಟು ಸಾಕು, ಒಂದು ಬಿಟ್ ಮಗುಚುತ್ತದೆ. ಚಿಪ್‌ಗೆ ಗಾಯವಿಲ್ಲ, ಸುಟ್ಟ ಗುರುತಿಲ್ಲ. ಯಂತ್ರವನ್ನು ಆರಿಸಿ ಮತ್ತೆ ಹಚ್ಚಿದರೆ ಎಲ್ಲ ಮೊದಲಿನಂತೆ.

ಒಂದು ಬಿಟ್ ಎಂದರೆ ಎಷ್ಟು ಎಂದು ತಿಳಿಯಲು ಬೆಲ್ಜಿಯಂನ ಒಂದು ಚುನಾವಣೆಯನ್ನು ನೋಡಬಹುದು. 2003ರ ಮೇ ತಿಂಗಳಲ್ಲಿ ಬ್ರಸೆಲ್ಸ್‌ನ ಶಾರ್‌ಬೇಕ್ ಎಂಬಲ್ಲಿ ಮತಯಂತ್ರ ಒಬ್ಬ ಅಭ್ಯರ್ಥಿಗೆ ಸಾಧ್ಯವಿದ್ದದ್ದಕ್ಕಿಂತ ಹೆಚ್ಚು ಮತ ತೋರಿಸಿತು. ಮತ್ತೆ ಎಣಿಸಿದಾಗ ಹೆಚ್ಚಾಗಿದ್ದದ್ದು ಸರಿಯಾಗಿ 4,096. ಎರಡನ್ನು ಎರಡರಿಂದ ಗುಣಿಸುತ್ತ ಹೋದರೆ ಸಿಗುವ ಸಂಖ್ಯೆ ಅದು. ಹದಿಮೂರನೇ ಸ್ಥಾನದ ಒಂದೇ ಬಿಟ್ ಮಗುಚಿದರೆ ಬರುವ ವ್ಯತ್ಯಾಸ. ತಂತ್ರಾಂಶದಲ್ಲಿ ದೋಷ ಸಿಗಲಿಲ್ಲ. ವಿಶ್ವಕಿರಣವೇ ಇರಬೇಕು ಎಂದು ಊಹಿಸಲಾಯಿತು. ಊಹೆ ಎಂಬ ಪದ ಈ ಚರಿತ್ರೆಯಲ್ಲಿ ಪದೇ ಪದೇ ಬರುತ್ತದೆ. ಅದಕ್ಕೆ ಕಾರಣ ವಿಜ್ಞಾನಿಗಳ ಸೋಮಾರಿತನವಲ್ಲ. ಈ ಕಳ್ಳ ಒಳಗೆ ಬಂದು ಹೋದದ್ದಕ್ಕೆ ಹೆಜ್ಜೆ ಗುರುತೇ ಉಳಿಯುವುದಿಲ್ಲ.

ವಿಮಾನಗಳ ಒಳಗೆ ಏನಾಗುತ್ತಿದೆ ಎಂದು ನೋಡುವ ಕೆಲಸ 1980ರ ದಶಕದ ಕೊನೆಯಲ್ಲಿ ಶುರುವಾಯಿತು. 60,000 ಅಡಿಯವರೆಗೆ ಹಾರುತ್ತಿದ್ದ ಕಾಂಕಾರ್ಡ್‌ನಲ್ಲಿ ಸೌರ ವಿಕಿರಣ ಹೆಚ್ಚಾದರೆ ಪೈಲಟ್‌ಗೆ ಸೂಚನೆ ಕೊಡುವ ಮಾಪಕ ಮೊದಲೇ ಇತ್ತು, ಪ್ರಯಾಣಿಕರ ಆರೋಗ್ಯದ ಸಲುವಾಗಿ. ಬ್ರಿಟನ್ನಿನ ಕ್ಲೈವ್ ಡಯರ್ ತಂಡ 1988ರಿಂದ ಅದೇ ವಿಮಾನದಲ್ಲಿ ಇನ್ನೊಂದು ಉಪಕರಣ ಇಟ್ಟಿತು. ಚಿಪ್‌ಗಳಿಗೆ ತಗಲುವ ಏಟನ್ನು ಎಣಿಸುವುದು ಅದರ ಉದ್ದೇಶ. 1989ರ ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಸೂರ್ಯ ಕೆರಳಿದಾಗ ಎಣಿಕೆ ಹಲವು ಪಟ್ಟು ಏರಿದ್ದನ್ನು ಅದು ದಾಖಲಿಸಿತು. ಅತ್ತ ಅಮೆರಿಕದಲ್ಲಿ ಐಬಿಎಂನ ಟೇಬರ್ ಮತ್ತು ಬೋಯಿಂಗ್‌ನ ಯೂಜಿನ್ ನಾರ್ಮಂಡ್ ಸೇನಾ ವಿಮಾನಗಳ ಮೆಮೊರಿಯಲ್ಲಿ ಮಗುಚಿದ ಬಿಟ್‌ಗಳನ್ನು ಎಣಿಸಿ, ಆ ಸಂಖ್ಯೆ ಎತ್ತರ ಮತ್ತು ಅಕ್ಷಾಂಶದ ಜೊತೆ ನ್ಯೂಟ್ರಾನುಗಳಂತೆಯೇ ಏರಿಳಿಯುತ್ತದೆ ಎಂದು 1990ರ ದಶಕದ ಆರಂಭದಲ್ಲಿ ಸಾಬೀತು ಮಾಡಿದರು. ಅಲ್ಲಿಗೆ ಅನುಮಾನದ ಕಾಲ ಮುಗಿಯಿತು. ವಿಮಾನದ ಕಂಪ್ಯೂಟರುಗಳಲ್ಲಿ ಬಿಟ್ ಮಗುಚುತ್ತವೆ, ದಿನವೂ ಮಗುಚುತ್ತವೆ. ಬಹುಪಾಲನ್ನು ಯಂತ್ರವೇ ತಿದ್ದಿಕೊಳ್ಳುತ್ತದೆ.

ಈ ಹೊತ್ತಿಗೆ ವಿಮಾನವೇ ಬದಲಾಗಿತ್ತು. 1988ರಲ್ಲಿ ಸೇವೆಗೆ ಬಂದ ಏರ್‌ಬಸ್ ಎ320ರಲ್ಲಿ ಪೈಲಟ್‌ನ ಸ್ಟಿಕ್‌ಗೂ ಮೂತಿಯನ್ನು ಏರಿಳಿಸುವ ಬಾಲದ ಎಲಿವೇಟರ್‌ಗೂ ನಡುವೆ ಉಕ್ಕಿನ ತಂತಿ ಇಲ್ಲ, ಕಂಪ್ಯೂಟರ್ ಇದೆ. ಪೈಲಟ್ ಬೇಡುತ್ತಾನೆ, ಕಂಪ್ಯೂಟರ್ ಯೋಚಿಸಿ ಕೊಡುತ್ತದೆ. ಮೂತಿ ತೀರಾ ಮೇಲಾಗಿ ವಿಮಾನ ಗಾಳಿಯ ಹಿಡಿತ ಕಳೆದುಕೊಳ್ಳುವ ಅಪಾಯ ಕಂಡರೆ ಪೈಲಟ್‌ನನ್ನು ಕೇಳದೆಯೇ ಮೂತಿ ತಗ್ಗಿಸುತ್ತದೆ. ಈ ವ್ಯವಸ್ಥೆ ಎಷ್ಟೋ ಜೀವ ಉಳಿಸಿದೆ ಎಂಬುದರಲ್ಲಿ ನನಗೆ ಸಂಶಯವಿಲ್ಲ. ಆದರೆ ಅದರ ತೀರ್ಮಾನ ನಿಂತಿರುವುದು ತನಗೆ ಬಂದ ಅಂಕಿಗಳ ಮೇಲೆ.

ಲಿಯರ್ಮಂತ್‌ನಲ್ಲಿ ನಿಂತ ವಿಮಾನವನ್ನು ಆಸ್ಟ್ರೇಲಿಯಾದ ಸಾರಿಗೆ ಸುರಕ್ಷತಾ ಮಂಡಳಿ ಮೂರು ವರ್ಷ ತನಿಖೆ ಮಾಡಿತು. 2011ರ ಡಿಸೆಂಬರ್‌ನಲ್ಲಿ ಬಂದ ಅಂತಿಮ ವರದಿ ಕಂಡುಕೊಂಡದ್ದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಎ330ರಲ್ಲಿ ಎಡಿಐಆರ್‌ಯು ಎಂಬ ಮೂರು ಪೆಟ್ಟಿಗೆಗಳಿವೆ. ವೇಗ, ಎತ್ತರ, ರೆಕ್ಕೆ ಗಾಳಿಯನ್ನು ಎದುರಿಸುವ ಕೋನ, ಇವನ್ನೆಲ್ಲ ಅಳೆದು ಹಾರಾಟದ ಕಂಪ್ಯೂಟರುಗಳಿಗೆ ಕಳಿಸುವುದು ಅವುಗಳ ಕೆಲಸ. ಪ್ರತಿ ಅಂಕಿಯ ಜೊತೆಗೂ ಇದು ಎತ್ತರ, ಇದು ಕೋನ ಎಂಬ ಚೀಟಿ ಇರುತ್ತದೆ. ಆ ಮಧ್ಯಾಹ್ನ ಮೊದಲ ಪೆಟ್ಟಿಗೆ ಚೀಟಿಗಳನ್ನು ಅದಲು ಬದಲು ಮಾಡತೊಡಗಿತು. ವಿಮಾನ ಆಗ 37,012 ಅಡಿಯಲ್ಲಿತ್ತು. ಆ ಸಂಖ್ಯೆಯನ್ನು ಬರೆಯುವ ಸೊನ್ನೆ–ಒಂದುಗಳ ಸಾಲಿಗೆ ‘ಕೋನ’ ಎಂಬ ಚೀಟಿ ಅಂಟಿಸಿದರೆ ಅದು 50.625 ಡಿಗ್ರಿ ಎಂದು ಓದಿಕೊಳ್ಳುತ್ತದೆ. ಎತ್ತರ ತಪ್ಪಿರಲಿಲ್ಲ, ಅದು ತಪ್ಪು ಹೆಸರಿನಲ್ಲಿ ಹೋಗಿತ್ತು. ಯಾವ ಪ್ರಯಾಣಿಕ ವಿಮಾನವೂ ಗಾಳಿಗೆ 50 ಡಿಗ್ರಿ ಮುಖವೊಡ್ಡಿ ಹಾರುವುದಿಲ್ಲ. ಒಬ್ಬ ಮನುಷ್ಯ ಕಾಗದದ ಮೇಲೆ ಆ ಸಂಖ್ಯೆ ನೋಡಿದ್ದರೆ ನಕ್ಕು ಪಕ್ಕಕ್ಕಿಡುತ್ತಿದ್ದ.

ಕಂಪ್ಯೂಟರಿಗೂ ಅಂಥ ವಿವೇಕವನ್ನು ಕಲಿಸಲಾಗಿತ್ತು, ಪೂರ್ತಿಯಾಗಿ ಅಲ್ಲ. ಒಂದು ಕೋನದ ಅಂಕಿ ಉಳಿದವುಗಳಿಂದ ದೂರ ಹೋದರೆ ಅದನ್ನು ಬಿಟ್ಟು, ಹಿಂದಿನ ಸರಿಯಾದ ಅಂಕಿಯನ್ನೇ 1.2 ಸೆಕೆಂಡು ಬಳಸು ಎಂಬುದು ನಿಯಮ. ಅಷ್ಟರಲ್ಲಿ ತಪ್ಪು ಸರಿಹೋಗಿರುತ್ತದೆ ಎಂಬ ಲೆಕ್ಕಾಚಾರ. ಬಿಡಿಯಾಗಿ ಬಂದ ತಪ್ಪು ಅಂಕಿಗಳನ್ನೆಲ್ಲ ಈ ನಿಯಮ ಸರಿಯಾಗಿಯೇ ತಡೆಯಿತು. ಆದರೆ ಒಂದು ತಪ್ಪು ಅಂಕಿ ಬಂದು, ಸರಿಯಾಗಿ 1.2 ಸೆಕೆಂಡಿನ ನಂತರ ಇನ್ನೊಂದು ಬಂದರೆ? ಬಾಗಿಲು ತೆರೆಯುವ ಗಳಿಗೆಗೆ ಎರಡನೆಯದು ಹೊಸ್ತಿಲಲ್ಲಿ ನಿಂತಿರುತ್ತದೆ, ಸೀದಾ ಒಳಗೆ ಬರುತ್ತದೆ. ಆ ದಿನ ಹಾಗೆ ಎರಡು ಸಲ ಆಯಿತು. ವಿಮಾನದ ಮೂತಿ ಅಪಾಯದ ಮಟ್ಟಕ್ಕೆ ಎದ್ದಿದೆ ಎಂದು ನಂಬಿದ ಕಂಪ್ಯೂಟರ್ ಎಲಿವೇಟರನ್ನು ತಗ್ಗಿಸಿತು. ತನ್ನ ಮಟ್ಟಿಗೆ ಅದು 315 ಜನರನ್ನು ಕಾಪಾಡುತ್ತಿತ್ತು.

ಇಲ್ಲಿಯವರೆಗೆ ವಿವಾದವಿಲ್ಲ. ಆ ಪೆಟ್ಟಿಗೆ ಚೀಟಿಗಳನ್ನು ಬದಲಿಸಲು ಶುರು ಮಾಡಿದ್ದೇಕೆ ಎಂಬಲ್ಲಿಂದ ವಿವಾದ ಶುರು. ಪೆಟ್ಟಿಗೆಯನ್ನು ಬಿಚ್ಚಿ ಪರೀಕ್ಷಿಸಿದರು. ಅದು ಸರಿಯಾಗಿ ಕೆಲಸ ಮಾಡಿತು. ಹತ್ತಿರದ ಎಕ್ಸ್‌ಮತ್‌ನಲ್ಲಿ ಜಲಾಂತರ್ಗಾಮಿಗಳಿಗೆ ಸಂದೇಶ ಕಳಿಸುವ ಪ್ರಬಲ ರೇಡಿಯೊ ಕೇಂದ್ರವಿದೆ; ಅದರ ಮೇಲೆ ಜನರಿಗೆ ಗುಮಾನಿ ಬಂತು, ತನಿಖೆ ಅದನ್ನು ಒಪ್ಪಲಿಲ್ಲ. ತಂತ್ರಾಂಶದ ದೋಷ, ಬಿಡಿಭಾಗದ ದೋಷ, ವಿದ್ಯುತ್ಕಾಂತೀಯ ಅಡಚಣೆ, ಒಂದೊಂದನ್ನೂ ನೋಡಿ ಸಾಧ್ಯತೆ ಕಡಿಮೆ ಎಂದು ಬದಿಗಿಟ್ಟರು. ಕೊನೆಗೆ ಉಳಿದದ್ದು ವಿಶ್ವಕಿರಣದ ಏಟು. ಅದನ್ನು ತಳ್ಳಿಹಾಕಲು ಆಧಾರವಿಲ್ಲ, ಅದೇ ಎಂದು ಹೇಳಲೂ ಸಾಕಷ್ಟು ಆಧಾರವಿಲ್ಲ ಎಂದು ಮಂಡಳಿ ಬರೆಯಿತು. ಈ ಮಾದರಿಯ ಪೆಟ್ಟಿಗೆಗಳು 12.8 ಕೋಟಿ ಗಂಟೆ ದುಡಿದಿದ್ದವು. ಇಂಥ ವೈಫಲ್ಯ ಕಂಡದ್ದು ಮೂರೇ ಸಲ. ಅದರಲ್ಲಿ ಎರಡು, 2006ರ ಸೆಪ್ಟೆಂಬರ್‌ನಲ್ಲಿ ಒಮ್ಮೆ ಮತ್ತು ಈ ದಿನ, ಇದೇ ವಿಮಾನದ ಇದೇ ಪೆಟ್ಟಿಗೆಯಲ್ಲಿ. ಕಿರಣದ ವಾದಕ್ಕೆ ಇದು ತೊಡಕು. ಆಕಾಶದ ಕಣ ವಿಳಾಸ ಹುಡುಕಿಕೊಂಡು ಒಂದೇ ಪೆಟ್ಟಿಗೆಗೆ ಎರಡು ಸಲ ಬರುವುದೇ? ಆ ಪೆಟ್ಟಿಗೆಯಲ್ಲಿ ಉಳಿದವಕ್ಕಿಂತ ಸುಲಭವಾಗಿ ಎಡವುವ ಏನೋ ಇತ್ತು ಎಂದು ಕೆಲವರು ಹೇಳುತ್ತಾರೆ. ಸೂರ್ಯ ಮಲಗಿದ್ದ ವರ್ಷದಲ್ಲಿ ಬಾಹ್ಯಾಕಾಶದ ಹವಾಮಾನವನ್ನು ದೂರುವುದೇ ತಪ್ಪು ಎಂಬ ಇನ್ನೊಂದು ವಾದವಿದೆ. ಅದು ಮಾತ್ರ ನಿಲ್ಲುವುದಿಲ್ಲ. ಸೂರ್ಯ ಎದ್ದಿರುವಾಗ ಅವನ ಗಾಳಿ ದೂರದ ನಕ್ಷತ್ರಗಳ ಕಣಗಳನ್ನು ಆಚೆಗೆ ತಳ್ಳುತ್ತಿರುತ್ತದೆ. ಅವನು ಮಲಗಿದಾಗ ಆ ಕಣಗಳು ಹೆಚ್ಚು ಬರುತ್ತವೆ. 2008–09ರಲ್ಲಿ ಅವು ಬಾಹ್ಯಾಕಾಶ ಯುಗ ಶುರುವಾದಂದಿನಿಂದ ಕಂಡಿರದ ಮಟ್ಟಕ್ಕೆ ಏರಿದ್ದವು. ಸೂರ್ಯ ಮಲಗಿದ್ದಾಗಲೇ ಆ ಮಳೆ ಜೋರು.

ಕಾರಣ ತಿಳಿಯದಿದ್ದರೂ ಪರಿಹಾರ ಸಾಧ್ಯವಾಯಿತು. ಈ ಇಡೀ ಪ್ರಕರಣದಲ್ಲಿ ನನಗೆ ಅತಿ ಮುಖ್ಯವೆನಿಸುವುದು ಇದೇ. ಏರ್‌ಬಸ್ ಕಂಪ್ಯೂಟರಿನ ನಿಯಮ ತಿದ್ದಿತು, ಆ ಬಾಗಿಲನ್ನು ಮುಚ್ಚಿತು. ಅದಕ್ಕೂ ಮೊದಲು, ಪೆಟ್ಟಿಗೆ ಹೀಗೆ ಕೆಟ್ಟರೆ ತಕ್ಷಣ ಅದನ್ನು ಆರಿಸಿ ಎಂದು ಪೈಲಟ್‌ಗಳಿಗೆ ಹೇಳಿತು. 2008ರ ಡಿಸೆಂಬರ್ 27ರಂದು ಪರ್ತ್‌ನಿಂದ ಸಿಂಗಪುರಕ್ಕೆ ಹೊರಟಿದ್ದ ಇನ್ನೊಂದು ಎ330ರಲ್ಲಿ ಇದೇ ತೊಂದರೆ ಕಾಣಿಸಿತು. ಪೈಲಟ್‌ಗಳು ಹೇಳಿದಂತೆ ಮಾಡಿ ಪರ್ತ್‌ಗೆ ಮರಳಿದರು. ಒಬ್ಬರಿಗೂ ತರಚಲಿಲ್ಲ. ಕಿರಣವನ್ನು ತಡೆಯಲಾಗದು, ತಪ್ಪು ಅಂಕಿಯನ್ನು ನಂಬದಿರಲು ಯಂತ್ರಕ್ಕೆ ಕಲಿಸಬಹುದು. ಸುಲಿವನ್ ಮಾತ್ರ ಆ ಮಧ್ಯಾಹ್ನದಿಂದ ಪೂರ್ತಿ ಹೊರಬರಲಿಲ್ಲ. ಮಾನಸಿಕ ಆಘಾತದಿಂದ ಬಳಲಿ 2016ರಲ್ಲಿ ಹಾರಾಟ ಬಿಟ್ಟರು, 2019ರಲ್ಲಿ ತಮ್ಮ ಅನುಭವವನ್ನು ಪುಸ್ತಕವಾಗಿ ಬರೆದರು.

ಬಾಹ್ಯಾಕಾಶ ಹವಾಮಾನ ವಿಮಾನಗಳನ್ನು ಕಾಡುವುದು ಚಿಪ್‌ಗಳ ಮೂಲಕ ಮಾತ್ರವಲ್ಲ. 2003ರ ಅಕ್ಟೋಬರ್ ಕೊನೆಯ ಸೌರ ಬಿರುಗಾಳಿಯಲ್ಲಿ ಜಿಪಿಎಸ್ ನೆರವಿನಿಂದ ವಿಮಾನ ಇಳಿಸುವ ಅಮೆರಿಕದ ವ್ಯವಸ್ಥೆ ಗಂಟೆಗಟ್ಟಲೆ ನೆಚ್ಚಲಾರದಂತಾಯಿತು, ಧ್ರುವದ ದಾರಿಯ ವಿಮಾನಗಳು ರೇಡಿಯೊ ಸಂಪರ್ಕ ಕಡಿದೀತೆಂದು ಬಳಸು ದಾರಿ ಹಿಡಿದವು. 2015ರ ನವೆಂಬರ್ 4ರಂದು ಸೂರ್ಯನ ರೇಡಿಯೊ ಅಬ್ಬರ ಸ್ವೀಡನ್ನಿನ ರೇಡಾರ್‌ಗಳನ್ನು ಗೊಂದಲಕ್ಕೆ ತಳ್ಳಿ ಅಲ್ಲಿನ ವಾಯುಮಾರ್ಗವನ್ನೇ ಸ್ವಲ್ಪ ಹೊತ್ತು ಮುಚ್ಚಿಸಿತು. ಇಂಥವುಗಳಿಂದ ಪಾಠ ಕಲಿತು ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ 2019ರ ನವೆಂಬರ್‌ನಿಂದ ಪೈಲಟ್‌ಗಳಿಗೆ ಮಳೆಗಾಳಿಯ ಮುನ್ಸೂಚನೆಯ ಹಾಗೆ ಬಾಹ್ಯಾಕಾಶದ ಮುನ್ಸೂಚನೆಯನ್ನೂ ಕೊಡಿಸುತ್ತಿದೆ. ನಮ್ಮ ಆದಿತ್ಯ–ಎಲ್1 ನೌಕೆ 2024ರ ಜನವರಿಯಲ್ಲಿ ತನ್ನ ನೆಲೆ ಸೇರಿ ಸೂರ್ಯನನ್ನು ನೋಡುತ್ತಿದೆ. ಅದರ ಮುಖ್ಯ ದೂರದರ್ಶಕ ರೂಪುಗೊಂಡದ್ದು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯಲ್ಲಿ. ಆದರೆ ದೂರದ ನಕ್ಷತ್ರದಿಂದ ಹೊರಟ ಒಂಟಿ ಕಣಕ್ಕೆ ಯಾವ ಮುನ್ಸೂಚನೆಯೂ ಇಲ್ಲ.

2025ರ ಅಕ್ಟೋಬರ್ 30ರಂದು ಮೆಕ್ಸಿಕೊದ ಕಾನ್‌ಕುನ್‌ನಿಂದ ಅಮೆರಿಕದ ನ್ಯೂಅರ್ಕ್‌ಗೆ ಹೊರಟಿದ್ದ ಜೆಟ್‌ಬ್ಲೂ 1230 ಫ್ಲಾರಿಡಾದ ಪಶ್ಚಿಮಕ್ಕೆ ಸಮುದ್ರದ ಮೇಲಿತ್ತು. ಈ ಸಲ ಎ320. ಪೈಲಟ್ ಏನೂ ಮಾಡದೆಯೇ ಮೂತಿ ತಗ್ಗಿತು. ಟಾಂಪಾದಲ್ಲಿ ಇಳಿಸಿದಾಗ ಕನಿಷ್ಠ 15 ಮಂದಿಯನ್ನು ಆಸ್ಪತ್ರೆಗೆ ಒಯ್ಯಬೇಕಾಯಿತು. ಎಲಿವೇಟರ್ ಮತ್ತು ರೆಕ್ಕೆಯ ಐಲರಾನ್‌ಗಳನ್ನು ಆಳುವ ಎಲಾಕ್ ಎಂಬ ಕಂಪ್ಯೂಟರಿನ ಹೊಸ ತಂತ್ರಾಂಶದ ಮೇಲೆ ಗುಮಾನಿ ಬಿತ್ತು. ನವೆಂಬರ್ 28ರಂದು ಏರ್‌ಬಸ್ ಬಹಿರಂಗವಾಗಿ ಹೇಳಿತು: ತೀವ್ರ ಸೌರ ವಿಕಿರಣ ಹಾರಾಟ ನಿಯಂತ್ರಣಕ್ಕೆ ಬೇಕಾದ ಮಾಹಿತಿಯನ್ನು ಕೆಡಿಸಬಹುದು, ಸುಮಾರು 6,000 ವಿಮಾನಗಳನ್ನು ಮತ್ತೆ ಹಾರಿಸುವ ಮೊದಲು ಸರಿಪಡಿಸಬೇಕು. ಸರಿಪಡಿಸುವುದೆಂದರೆ ಬಹುತೇಕ ವಿಮಾನಗಳಲ್ಲಿ ಹೊಸ ತಂತ್ರಾಂಶ ತೆಗೆದು ಹಿಂದಿನದನ್ನು ಹಾಕುವುದು. ವಿಕಿರಣದ ಹೆಸರಿನಲ್ಲಿ ಇಷ್ಟು ವಿಮಾನಗಳು ಒಮ್ಮೆಗೇ ನೆಲಕ್ಕೆ ಕೂತದ್ದು ವಿಮಾನಯಾನದ ಚರಿತ್ರೆಯಲ್ಲಿ ಹಿಂದೆ ಎಂದೂ ಇಲ್ಲ.

ಸೂರ್ಯನೇ ಎಂಬ ಮಾತನ್ನು ಎಲ್ಲರೂ ಒಪ್ಪಲಿಲ್ಲ. ಅಕ್ಟೋಬರ್ 30ರಂದು ವಿಮಾನದ ಎತ್ತರದಲ್ಲಿ ವಿಕಿರಣ ಏರಿದ್ದ ಸುಳಿವಿಲ್ಲ. ಅಂದು ಬಿದ್ದದ್ದು ಸೌರ ಕಣವಲ್ಲ, ದೂರದ ನಕ್ಷತ್ರಗಳ ಕಣವಿರಬೇಕು ಎಂದವರಲ್ಲಿ ಕಾಂಕಾರ್ಡ್‌ನಲ್ಲಿ ಉಪಕರಣ ಇಟ್ಟಿದ್ದ ಅದೇ ಕ್ಲೈವ್ ಡಯರ್ ಒಬ್ಬರು. ಸೂರ್ಯ ನಿಜವಾಗಿ ಸಿಡಿದದ್ದು 12 ದಿನಗಳ ಬಳಿಕ, ನವೆಂಬರ್ 11ರಂದು. ಆ ದಿನ ವಿಮಾನಗಳ ಎತ್ತರದಲ್ಲಿ ವಿಕಿರಣ ಸುಮಾರು ಎರಡು ದಶಕಗಳಲ್ಲೇ ಕಾಣದ ಮಟ್ಟ ಮುಟ್ಟಿತು ಎಂದು ಬ್ರಿಟನ್ನಿನ ಸರ್ರೆ ವಿಶ್ವವಿದ್ಯಾಲಯದವರು ಬಲೂನು ಹಾರಿಸಿ ಅಳೆದರು. ಅಂದು ಯಾವ ವಿಮಾನವೂ ಧುಮುಕಿದ ಸುದ್ದಿಯಾಗಲಿಲ್ಲ. ಸಿಡಿಲು ಬಡಿದ ಮರ ಸುಡುತ್ತದೆ, ಗುರುತು ಉಳಿಯುತ್ತದೆ. ಮಗುಚಿದ ಬಿಟ್ ಮುಂದಿನ ಅಂಕಿ ಬಂದೊಡನೆ ಅಳಿಸಿಹೋಗುತ್ತದೆ. ಪ್ರತಿ ಪ್ರಕರಣದಲ್ಲೂ ವಿಜ್ಞಾನಿಗಳು ಸಾಕ್ಷಿ ಇಲ್ಲದ ಮೊಕದ್ದಮೆಯನ್ನೇ ವಿಚಾರಣೆ ಮಾಡಬೇಕಾಗಿದೆ.

ಭಾರತದಲ್ಲಿ ಇಂಡಿಗೊ ಮತ್ತು ಏರ್ ಇಂಡಿಯಾ ಬಳಗದ 300ಕ್ಕೂ ಹೆಚ್ಚು ವಿಮಾನಗಳು ಏರ್‌ಬಸ್ ಸರಿಪಡಿಸಲು ಹೇಳಿದ ಪಟ್ಟಿಯಲ್ಲಿದ್ದವು. ನವೆಂಬರ್ ಕೊನೆಯ ವಾರಾಂತ್ಯದ ರಾತ್ರಿಗಳಲ್ಲಿ ದೆಹಲಿ, ಮುಂಬೈ, ಹೈದರಾಬಾದ್‌ಗಳಂತೆ ಬೆಂಗಳೂರಿನಲ್ಲೂ ಎಂಜಿನಿಯರುಗಳು ಒಂದೊಂದೇ ವಿಮಾನದೊಳಗೆ ಹೋಗಿ ಎಲಾಕ್‌ನಲ್ಲಿದ್ದ ಹೊಸ ಆವೃತ್ತಿಯನ್ನು ತೆಗೆದು ಹಳೆಯದನ್ನು ತುಂಬಿದರು. ವಿಮಾನವೊಂದಕ್ಕೆ ಎರಡು ಮೂರು ಗಂಟೆಯ ಕೆಲಸ. 80 ವರ್ಷಗಳ ಹಿಂದೆ ಭಾಭಾ ಅವರ ಉಪಕರಣ ಇದೇ ಊರಿನ ಮೇಲೆ 30,000 ಅಡಿಯಲ್ಲಿ ಎಣಿಸಿ ಬಂದಿದ್ದ ಅದೇ ತುಂತುರಿನೊಳಕ್ಕೆ, ಬೆಳಗಿನ ಮೊದಲ ವಿಮಾನಗಳು ಒಂದೊಂದಾಗಿ ಏರಿದವು.